ಹನ್ನೆರಡು ನಿಮಿಷದ ರಸ್ತೆ

"ಹೊರಡಿ!" ಎನ್ನುತ್ತಾ ಹಿಂದಿನ ಸೀಟಿನಲ್ಲಿದ್ದ ಅಧಿಕಾರಿ ಸ್ಟಾಪ್‌ವಾಚ್ ಒತ್ತಿದರು. ಚಾಲಕ ಒಲ್ಲದ ಮನಸ್ಸಿನಿಂದ ಗೇರ್ ಹಾಕಿದ.

ಗಿರಣಿ ಗೇಟಿನಿಂದ ಆಸ್ಪತ್ರೆಯವರೆಗಿನ ಈ ರಸ್ತೆಯಲ್ಲಿ ಅವನು ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದ. ಈಗ ಅದನ್ನು ಪಾಲು ಮಾಡಿದ್ದರು. ಅಂಚಿನಲ್ಲಿ ನಡೆಯುವವರಿಗೆ ಅಗಲವಾದ ಜಾಗ, ಅದರ ಪಕ್ಕ ಸೈಕಲ್ಲಿನ ದಾರಿ, ಕಾರು ಬಸ್ಸುಗಳಿಗೆ ಉಳಿದಷ್ಟು. ಸದ್ಯಕ್ಕೆ ಎಲ್ಲ ಬರೀ ಸುಣ್ಣದ ಗೆರೆ, ಪ್ಲಾಸ್ಟಿಕ್ ಕಂಬ. ಇವತ್ತು ಬಸ್ಸು ಹೋಗಿ ಬರುವ ಎರಡು ಓಟಗಳಲ್ಲಿ ಒಂದಾದರೂ ಹನ್ನೆರಡು ನಿಮಿಷದೊಳಗೆ ಮುಗಿದರೆ ಇದೇ ಖಾಯಂ. ಇಲ್ಲವಾದರೆ ನಾಳೆಯೇ ಅಳಿಸಿಹಾಕುತ್ತಾರೆ. ನಕ್ಷೆ ಬರೆದ ಎಂಜಿನಿಯರು ಅವನ ಒಡಹುಟ್ಟಿದ ತಂಗಿ.

"ನನ್ನ ರಸ್ತೆ ಕಿತ್ಕೊಂಡು ಸೈಕಲ್‌ನೋರಿಗೆ ಹಂಚ್ತೀಯೇನೇ?" ಎಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ರೇಗಿದ್ದ.

"ಒಂದ್ಸಲ ಓಡಿಸಿ ನೋಡಣ್ಣ. ಆಮೇಲೆ ಬೈಯುವೆಯಂತೆ."

ಮಾರುಕಟ್ಟೆಯ ತಿರುವು ದಾಟಿದಾಗ ಅವನಿಗೆ ಏನೋ ವಿಚಿತ್ರವೆನಿಸಿತು. ಬಲಗಾಲು ಇನ್ನೂ ಒಮ್ಮೆಯೂ ದಡಕ್ಕನೆ ಬ್ರೇಕಿನ ಮೇಲೆ ಬಿದ್ದಿರಲಿಲ್ಲ! ದಿನಾ ಬಸ್ಸಿನ ಮೂತಿಗೇ ಅಡ್ಡ ನುಗ್ಗುತ್ತಿದ್ದ ಸೈಕಲ್ಲುಗಳು ಕಂಬಗಳಾಚೆ ತಮ್ಮ ಪಾಡಿಗೆ ಸಾಗುತ್ತಿದ್ದವು. ಗಡಿಯಾರದತ್ತ ಕಣ್ಣು ಹಾಯಿಸಿದ. ಐದೇ ನಿಮಿಷ. ಬೇಡವೆಂದರೂ ಎದೆಯೊಳಗೆ ಆಸೆ ಚಿಗುರಿತು.

ಔಷಧಿ ಅಂಗಡಿಯ ಮುಂದೆ ಕಾರೊಂದು ಅರ್ಧ ದಾರಿಗೆ ಬಾಲ ಚಾಚಿ ನಿಂತಿತ್ತು. ಕಂಡಕ್ಟರ್ ಕೆಳಕ್ಕೆ ಧುಮುಕಿದ. "ಸ್ವಾಮೀ, ತೆಗೀರಿ! ನಮ್ಮ ಬಸ್ಸಿಗೆ ಪರೀಕ್ಷೆ!" ಪ್ರಯಾಣಿಕರೂ ಕಿಟಕಿಗಳಿಂದ ತಲೆ ಹೊರಹಾಕಿ ಕೂಗಿದರು. ಕಾರೇನೋ ಹೋಯಿತು, ಜೊತೆಗೆ ಒಂದು ನಿಮಿಷವೂ ಹೋಯಿತು.

ಆಸ್ಪತ್ರೆಯ ಗೇಟು ಕಾಣಿಸಿತು. ಜನ ರಸ್ತೆ ದಾಟುವ ಕೊನೆಯ ಪಟ್ಟೆಗಳ ನಡುವೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬಳು ಊರುಗೋಲುಗಳ ಮೇಲೆ ತೂಗಾಡುತ್ತಿದ್ದಳು. ಬಸ್ಸಿಗೆ ಸಿಗ್ನಲ್ ಹಸಿರಾಯಿತು.

"ಹಾರ್ನ್ ಹೊಡೀರಿ, ಡ್ರೈವರ್ರೇ!" ಎಂದು ಪ್ರಯಾಣಿಕರಲ್ಲೊಬ್ಬರು ಕೂಗಿದರು.

ಅವನ ಕೈ ಹಾರ್ನಿನತ್ತ ಹೋಯಿತು. ಆಕೆ ಬೆದರಿ ಬಸ್ಸಿನತ್ತ ನೋಡಿ, ಅವಸರಪಟ್ಟಳು. ಒಂದು ಊರುಗೋಲು ಜಾರಿತು. ಅವನು ಹಾರ್ನ್ ಒತ್ತದೆ ಕೈ ಹಿಂತೆಗೆದು, ಕಿಟಕಿಯಿಂದ ಬಾಗಿದ. "ನಿಧಾನಕ್ಕೆ ಹೋಗಮ್ಮ, ನಮಗೇನೂ ಅವಸರ ಇಲ್ಲ."

"ಹನ್ನೆರಡು ನಿಮಿಷ, ಹದಿನೆಂಟು ಸೆಕೆಂಡು," ಎಂದರು ಅಧಿಕಾರಿ, ಬಸ್ಸು ಆಸ್ಪತ್ರೆಯ ಗೇಟಿನಲ್ಲಿ ನಿಂತಾಗ. ಬಸ್ಸಿಗೆ ಬಸ್ಸೇ "ಅಯ್ಯೋ!" ಎಂದಿತು. ಗೇಟಿನ ಬಳಿ ಕಾಯುತ್ತಿದ್ದ ತಂಗಿಯ ಮುಖ ಬಾಡಿತು.

ಮುಂದಿನ ಪಾಳಿಯ ಚಾಲಕ ಬಾಗಿಲಿಗೆ ಬಂದ. "ಇಳೀರಿ, ನಿಮ್ಮ ಡ್ಯೂಟಿ ಮುಗೀತು."

"ಯಾರಪ್ಪಾ ಹೇಳಿದ್ದು ಮುಗೀತು ಅಂತ?" ಅವನು ಸ್ಟೀರಿಂಗ್ ಬಿಡಲಿಲ್ಲ.

"ನಾವೂ ಇಳಿಯಲ್ಲ!" ಎಂದಿತು ಹಿಂದಿನಿಂದ ಒಂದು ದನಿ. ಆಸ್ಪತ್ರೆಗೆಂದೇ ಬಂದಿದ್ದ ಇಬ್ಬರನ್ನು ಬಿಟ್ಟು ಯಾರೂ ಇಳಿಯಲಿಲ್ಲ. ಅಧಿಕಾರಿ ನಗು ತಡೆದುಕೊಂಡು ಸ್ಟಾಪ್‌ವಾಚನ್ನು ಸೊನ್ನೆಗೆ ತಂದರು. ತಂಗಿ ಹತ್ತಿದಳು.

"ಗಟ್ಟಿಯಾಗಿ ಹಿಡ್ಕೋ," ಎಂದ ಅವನು, ತಿರುಗಿ ನೋಡದೆ.

ಗಿರಣಿಯತ್ತ ವಾಪಸ್ ಹೋಗುವಾಗ ಎರಡು ಕಡೆ ಜನ ದಾಟಲೆಂದು ನಿಂತ. ಒಂದು ಕಡೆ ಶಾಲೆಯ ಮಕ್ಕಳ ಸಾಲೇ ಹಾದುಹೋಯಿತು. ಆದರೂ ಗಿರಣಿ ಗೇಟಿನಲ್ಲಿ ಅಧಿಕಾರಿ, "ಹನ್ನೊಂದು ನಿಮಿಷ, ನಲವತ್ತು ಸೆಕೆಂಡು!" ಎಂದು ಕೂಗಿಬಿಟ್ಟರು. ಬಸ್ಸು ಅಲುಗಾಡುವಂತೆ ಜನ ಕುಣಿದರು. ಕಂಡಕ್ಟರ್ ಸೀಟಿ ಊದಿದ್ದೇ ಊದಿದ್ದು. ತಂಗಿ ಅಳುತ್ತಾ ನಗುತ್ತಾ ಅಣ್ಣನ ಬೆನ್ನಿಗೊಂದು ಗುದ್ದು ಕೊಟ್ಟಳು.

ಕಂಬಗಳ ಸಾಲು ಮುಗಿಯುವ ಕಡೆ, ಏದುಸಿರು ಬಿಡುತ್ತಿದ್ದ ಸೈಕಲ್ ಸವಾರನೊಬ್ಬ ಆಯ ತಪ್ಪದಂತೆ ಬಸ್ಸಿನ ಮೈಗೆ ಕೈ ಊರಿ ನಿಂತಿದ್ದ. ಚಾಲಕ ಕನ್ನಡಿಯಲ್ಲಿ ಅದನ್ನು ನೋಡಿದ. ಆ ಕೈ ತಾನಾಗಿ ಸರಿಯುವವರೆಗೂ ಬಸ್ಸನ್ನು ಕದಲಿಸಲಿಲ್ಲ.