ಬಾಲ್ಕನಿಯಲ್ಲಿ ತೂಗಿದ ಸೀಡಿ

ಬಂದರಿನಲ್ಲಿ ಅವರನ್ನು ಎಲ್ಲರೂ ಕ್ರೇನಮ್ಮ ಎಂದೇ ಕರೆಯುತ್ತಿದ್ದರು. ಗಂಡಸರೂ ಹತ್ತಲು ಹಿಂದೆಮುಂದೆ ನೋಡುವ ಕ್ಯಾಬಿನ್ನಿನಲ್ಲಿ ಕೂತು, ಹೊಸ ಸೇತುವೆಯ ಕೊನೆಯ ತುಂಡನ್ನು ಜಾಗಕ್ಕೆ ಕೂರಿಸಿದ್ದು ಅವರೇ. ನಿವೃತ್ತರಾಗಿ ಎಷ್ಟೋ ವರ್ಷ ಕಳೆದರೂ ಆ ಮಾತು ಬಂದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಈಗ ಆ ಹಳೆಯ ಕ್ರೇನನ್ನು ಬಿಚ್ಚುವವರಿದ್ದರು. ಬೀಳ್ಕೊಡುವ ದಿನ, ಸೇತುವೆಯ ತುಂಡು ಕೂರಿಸಿದಾಗಿನ ವೀಡಿಯೊ ತೋರಿಸಬೇಕೆಂದು ಬಂದರಿನವರು ಕೇಳಿದರು. ಅದಿದ್ದದ್ದು ಒಂದೇ ಸೀಡಿಯಲ್ಲಿ. ಕಪಾಟೆಲ್ಲ ತಡಕಿದರೂ ಸಿಗಲಿಲ್ಲ. ಕೊನೆಗೆ ಅವರ ಯಜಮಾನರು ತಲೆ ಕೆರೆದುಕೊಳ್ಳುತ್ತ ಬಾಲ್ಕನಿಯ ಕಡೆ ಬೆರಳು ತೋರಿಸಿದರು. ಪಾರಿವಾಳ ಓಡಿಸಲೆಂದು ಅವರೇ ದಾರ ಕಟ್ಟಿ ತೂಗುಬಿಟ್ಟ ಸೀಡಿ ಬಿಸಿಲಿಗೆ ಮಿನುಗುತ್ತಿತ್ತು.

"ಮೇಲೆ ಏನೂ ಬರೆದಿರಲಿಲ್ಲ. ಖಾಲಿ ಇರ್ಬೇಕು ಅಂದ್ಕೊಂಡೆ," ಅಂದರು.

"ಖಾಲಿ ಇರೋದು ನಿಮ್ಮ ತಲೆ," ಎಂದ ಕ್ರೇನಮ್ಮ ಗಂಡನ ಜೊತೆ ಮಾತು ಬಿಟ್ಟರು.

ಕೆಟ್ಟ ಸೀಡಿಗಳಿಂದ ಕಳೆದುಹೋದದ್ದನ್ನು ಹೊರತೆಗೆಯುವುದೇ ಸೊಸೆಯ ಕಸುಬು. ಮನೆಯ ಹಿಂದಿನ ಕೋಣೆ ಅವಳ ಕಾರ್ಖಾನೆ. ಅತ್ತೆಗೆ ಅದೊಂದು ಕೆಲಸ ಅನ್ನಿಸಿದ್ದೇ ಇಲ್ಲ. "ಬೆಟ್ಟ ಅಗೆದು ಇಲಿ ಹಿಡಿಯೋದು" ಎನ್ನುತ್ತಿದ್ದರು. ಈಗ ತಾವೇ ಹೋಗಿ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

ಸೊಸೆ ಸೀಡಿಯನ್ನು ಬೆಳಕಿಗೆ ಹಿಡಿದಳು. "ಕೆಳಗಡೆ ಗೀರಿದ್ರೆ ಉಜ್ಜಿ ಸರಿಮಾಡ್ಬಹುದು ಅತ್ತೆ. ಮೇಲಿನ ಬೆಳ್ಳಿ ಪದರ ಎದ್ರೆ ಅಲ್ಲಿದ್ದದ್ದು ಹೋದ ಹಾಗೇನೇ. ನೋಡಿ, ಇಲ್ಲೊಂದು ಕಡೆ ಎದ್ದಿದೆ. ಬಿಸಿಲಿಗೆ ಒಳಗಿನ ಬಣ್ಣಾನೂ ಮಾಸಿದೆ, ಓದೋದು ಕಷ್ಟ."

ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿದಳು, ಗೀರುಗಳಿಗೆ ಪಾಲಿಶ್ ಹಚ್ಚಿದಳು. ಮೊದಲ ಡ್ರೈವು ಗುರುಗುಟ್ಟಿ, ಏನೂ ಇಲ್ಲವೆಂದು ಸೀಡಿಯನ್ನು ಹೊರಕ್ಕೆ ತಳ್ಳಿತು. ಸೊಸೆ ಹಳೆಯದೊಂದು ಡ್ರೈವು ಜೋಡಿಸಿ ತೀರ ನಿಧಾನಕ್ಕೆ ತಿರುಗಿಸಿದಳು. ಅದು ಅಲ್ಲಲ್ಲಿ ಓದಿತು. ಅದು ಬಿಟ್ಟದ್ದರಲ್ಲಿ ಕೆಲವನ್ನು ಮತ್ತೊಂದು ಡ್ರೈವು ಓದಿತು. ಎರಡನ್ನೂ ಹೊಲಿಗೆ ಹಾಕಿದಂತೆ ಸೇರಿಸುತ್ತ ಹೋದಳು. ದಿನಗಟ್ಟಲೆ ಹಿಡಿಯಿತು. ಓದದ ಜಾಗಕ್ಕೆ ಮತ್ತೆ ಮತ್ತೆ ಮರಳುವಾಗಲೂ ಅವಳ ಕೈ ಅವಸರಪಡಲಿಲ್ಲ. ತೂಗಾಡುವ ಭಾರ ಇಳಿಸುವವರಿಗೆ ಇಂಥದೇ ಕೈ ಬೇಕು ಎಂದುಕೊಂಡರು ಕ್ರೇನಮ್ಮ.

ಬೀಳ್ಕೊಡುವ ದಿನ ಬಂದರಿನ ಶೆಡ್ಡು ತುಂಬಿತ್ತು. ಪರದೆಯ ಮೇಲೆ ಸೇತುವೆಯ ತುಂಡು ಗಾಳಿಗೆ ಓಲಾಡಿತು.

"ಏನಮ್ಮಾ, ಇಳಿಸ್ತೀಯಾ, ಇಲ್ಲಾ ನಾಳೆ ನೋಡೋಣ್ವಾ?" ವಾಕಿಟಾಕಿಯಲ್ಲಿ ಮೇಸ್ತ್ರಿಯ ದನಿ.

"ಗಾಳಿ ಸ್ವಲ್ಪ ಉಸಿರು ತಗೊಳ್ಳಲಿ, ಇಳಿಸ್ತೀನಿ. ಕೈಬೆರಳು ದೂರ ಇಟ್ಕೊಳ್ಳಿ." ಅದು ಕ್ರೇನಮ್ಮನದೇ ದನಿ, ಹರೆಯದ್ದು. ಅರಿವಿಲ್ಲದೆ ಅವರು ಪಕ್ಕದಲ್ಲಿದ್ದ ಗಂಡನ ಮೊಣಕೈ ಹಿಡಿದಿದ್ದರು.

ಚಿತ್ರ ಚೌಕಚೌಕವಾಗಿ ಒಡೆದು ಕಪ್ಪಾಯಿತು. ಅದು ಪದರ ಎದ್ದುಹೋದ ಜಾಗ. ಮತ್ತೆ ಬೆಳಕಾದಾಗ ತುಂಡು ತನ್ನ ಜಾಗದಲ್ಲಿ ಕೂತಿತ್ತು, ಕೆಲಸಗಾರರು ಹೆಲ್ಮೆಟ್ ಬೀಸುತ್ತಿದ್ದರು.

ಚಪ್ಪಾಳೆ ನಿಂತ ಮೇಲೆ ಕ್ರೇನಮ್ಮ ಎದ್ದರು. "ನನ್ನ ಕೆಲಸ ನೋಡಿದ್ರಲ್ಲ. ಅದನ್ನ ವಾಪಸ್ ತಂದೋಳು ನನ್ನ ಸೊಸೆ. ಏಳಮ್ಮ, ಎಲ್ರೂ ನೋಡ್ಲಿ."

ಸೊಸೆ ನಾಚಿ ಕೆಂಪಾಗಿ ಎದ್ದಳು. ಈ ಸಲದ ಚಪ್ಪಾಳೆ ಜೋರಾಗಿತ್ತೋ ಏನೋ, ಕ್ರೇನಮ್ಮನಿಗಂತೂ ಹಾಗೇ ಕೇಳಿಸಿತು.

ಆಮೇಲೆ ಅವರು ಅವಳನ್ನು ಹೊರಗೆ ಕರೆದೊಯ್ದರು. ಕಂಬಿ ಹಿಡಿದು, ನಡುನಡುವೆ ನಿಂತು ಏದುಸಿರು ಬಿಡುತ್ತ, ಅವಳೊಂದಿಗೆ ಕ್ರೇನಿನ ಏಣಿ ಹತ್ತಿದರು. ಮೇಲಿದ್ದದ್ದು ಒಬ್ಬರೇ ಕೂರುವಂಥ ಕುರ್ಚಿ.

"ಕೂತ್ಕೋ," ಅಂದರು ಅತ್ತೆ.

"ನೀವು ಕೂತ್ಕೊಳ್ಳಿ ಅತ್ತೆ."

"ನಾನು ಕೂತಿದ್ದು ಸಾಕಷ್ಟಾಯ್ತು."

ಸೊಸೆ ಕೂತಳು. ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟು, ಕೆಳಗೆ ಸೇತುವೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಗಾಡಿಗಳನ್ನು ತೋರಿಸಿದರು.