ಟಿ.ವಿ.ಯ ಕಡ್ಡಿ, ಮಾಲವ್ವನ ತಾಳ

ಮುದಕಪ್ಪನ ಕೈಯಲ್ಲಿ ಜಪಮಾಲೆ ಇತ್ತು, ಕಿವಿ ಮಾತ್ರ ಪಡಸಾಲೆಯಲ್ಲಿತ್ತು. ವಿಠಲನ ಹೆಸರು ಹೇಳುತ್ತ ಮೂರ್ಖರ ಮಾತು ಕೇಳಿಸಿಕೊಳ್ಳುವುದು ಪಾಪವೆಂದು ಅವನಿಗೆ ಗೊತ್ತಿತ್ತು. ಆದರೆ ಅಂಬೇವಾಡಿಯ ಆ ಎರಡು ಖೋಲಿಯ ಮನೆಯಲ್ಲಿ ಮೂರ್ಖರು ಬಾಯಿ ತೆರೆದರೆ ದೇವರಿಗೂ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ.

ಟಿ.ವಿ.ಗೆ ಯಾವ ಯಂತ್ರ ತರಬೇಕೆಂಬುದೇ ಮಾತು. ಕೇಬಲ್ಲಿನವನು ಬರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಈಗ ಸಿನೆಮಾಗಳೆಲ್ಲ ನೆಟ್ಟಿನ ಮೇಲೆ ಬರುತ್ತವಂತೆ, ಅವನ್ನು ಹಳೆಯ ಟಿ.ವಿ.ಯೊಳಗೆ ಇಳಿಸಲು ಏನೋ ಒಂದು ಬೇಕಂತೆ. ಮಗ ಜ್ಯೋತಿಬಾ ಈ ಘನಕಾರ್ಯಕ್ಕಾಗಿ ತನ್ನ ಹೆಂಡತಿ ಲಕ್ಷ್ಮಿಯ ತಮ್ಮನನ್ನು ಹಳಿಯಾಳದಿಂದ ಕರೆಸಿದ್ದ. ಆ ತಮ್ಮ, ರೋಹಿತ, ಅಲ್ಲಿ ಟಿ.ವಿ. ಮತ್ತು ಮೊಬೈಲು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ತಲೆಗೂದಲನ್ನು ಎತ್ತಿ ನಿಲ್ಲಿಸಿಕೊಂಡು ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತು ಅವನು ಹೇಳುತ್ತಿದ್ದ, ಉಳಿದ ಇಬ್ಬರು ಪುರಾಣ ಕೇಳುವವರಂತೆ ಕೇಳುತ್ತಿದ್ದರು. ಸ್ಟಿಕ್ ಎಂಬುದೊಂದು ಉಂಟು, ಬೆರಳುದ್ದದ ಕಡ್ಡಿ, ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿ ಫೋನಿನ ನೆಟ್ ಕೊಟ್ಟರೆ ಚಿತ್ರ ಬರುತ್ತದೆ. ಆದರೆ ಅದು ಬಡವರ ಸಾಮಾನು. ಬಾಕ್ಸ್ ಎಂಬುದು ಬೇರೆ. ಅದರ ಜೊತೆಗೆ ಮನೆಗೇ ನೆಟ್ಟಿನ ತಂತಿ ಎಳೆಸಿಕೊಂಡರೆ ಯಾರ ಫೋನಿನ ಹಂಗೂ ಇಲ್ಲ, ಹಗಲೂ ರಾತ್ರಿ ಸಿನೆಮಾ. ಮುಂಡಗೋಡದಲ್ಲಿ ತಾನು ಕೂಡಿಸಿದ ಮನೆಗಳಲ್ಲಿ ಟಿ.ವಿ. ಆರಿದ್ದೇ ಇಲ್ಲವೆಂದು ರೋಹಿತ ಹೆಮ್ಮೆಯಿಂದ ಹೇಳಿದ. ನಂದಾದೀಪದ ಬಗ್ಗೆ ಪೂಜಾರಿ ಹೇಳುವ ಹಾಗೆ ಹೇಳಿದ.

ಮಗನಿಗೆ ಕನ್ಯೆ ನೋಡಲು ಸಾಂಬ್ರಾಣಿ ಊರಿಗೆ ಹೋದಾಗಲೂ ತಾವು ಇಷ್ಟು ವಿಚಾರ ಮಾಡಿರಲಿಲ್ಲ ಎಂದುಕೊಂಡ ಮುದಕಪ್ಪ. ಮಾಡಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಜ್ಯೋತಿಬಾನ ಮನಸ್ಸು ಬಾಕ್ಸಿನ ಮೇಲೆ ಕೂತಾಗಿತ್ತು. ಅವನು ಜೋಯಿಡಾ ಕಡೆಯ ಒಂದು ಹೋಮ್‌ಸ್ಟೇಯ ಜೀಪು ಓಡಿಸುತ್ತಿದ್ದ. ಅಲ್ಲಿಗೆ ಬರುವ ಪ್ರವಾಸಿಗರ ಕೋಣೆಗಳಲ್ಲಿ ಏನೇನು ಇತ್ತೋ ಅದೆಲ್ಲ ತನ್ನ ಮನೆಯಲ್ಲೂ ಇರಬೇಕೆಂಬ ಹಂಬಲ ಅವನದು. ಆಗ, ಅಲ್ಲಿಯವರೆಗೆ ಸುಮ್ಮನೆ ಅಕ್ಕಿ ಆರಿಸುತ್ತಿದ್ದ ಲಕ್ಷ್ಮಿ ತಲೆ ಎತ್ತದೆ, ಕಡ್ಡಿಯೇ ಸಾಕು, ಗಂಡನ ಫೋನಿನ ನೆಟ್ಟಿನಲ್ಲಿ ನಡೆಯುತ್ತದೆ ಎಂದಳು. ತಮ್ಮ ನಕ್ಕ. ಗಂಡ ವಾದಿಸಿದ. ಅವಳು ಮತ್ತೆ ಅದನ್ನೇ ಹೇಳಿದಳು. ಬಾಕ್ಸ್ ಬೇಕಾದರೆ ತರ್ರಿ, ನಾನು ಮಾತ್ರ ಅದರ ಮುಂದೆ ಕೂಡುವುದಿಲ್ಲ ಎಂದಳು. ಕೂಡುವವಳೇ ಇಲ್ಲದಿದ್ದರೆ ಯಾರಿಗೆ ತರುವುದು?

ನೋಡುವುದು ಸಿನೆಮಾ, ಅದರಲ್ಲೂ ಜಿಪುಣತನ ಎಂದು ಮುದಕಪ್ಪ ಸೊಸೆಯ ಲೆಕ್ಕಕ್ಕೆ ಇನ್ನೊಂದು ಅವಗುಣ ಸೇರಿಸಿದ. ಆ ಲೆಕ್ಕ ಮೊದಲೇ ದೊಡ್ಡದಿತ್ತು. ರೊಟ್ಟಿ ಬಡಿಯುವಾಗಲೂ ಅವಳು ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಸಿನೆಮಾ ನೋಡುತ್ತಿದ್ದಳು. ಹಾಗೆ ಬಡಿದ ರೊಟ್ಟಿಯಲ್ಲಿ ರುಚಿ ಎಲ್ಲಿಂದ ಬರಬೇಕು?

ನಿಮಗೆ ಯಾವುದು ಬೇಕೆಂದು ರೋಹಿತ ಅವನನ್ನೂ ಕೇಳಿದ. ಮುದಕಪ್ಪ ಮಾಲೆಯನ್ನು ಕಣ್ಣಿಗೆ ಒತ್ತಿಕೊಂಡು ಗೋಮುಖಿ ಚೀಲದಲ್ಲಿ ಇಟ್ಟ.

"ಬಾಕ್ಸ್ ಅಂದಿ, ಕಡ್ಡಿ ಅಂದಿ," ಎಂದ. "ಮಡಿಕಿ ತುಂಬಾ ತೂತ ಅದಾವ, ಯಾ ತೂತಿನಿಂದ ಸೋರಿದ್ರ ಏನೋ ತಮ್ಮಾ?"

---

ಮುದಕಪ್ಪನ ಹೆಂಡತಿ ಮಾಲವ್ವ ಹೋಗಿ ಒಂದು ವರ್ಷವಾಗಿತ್ತು. ಹೋದ ದೀಪಾವಳಿ ಮುಗಿದ ಮೇಲೆ, ಕಾರ್ತಿಕ ಏಕಾದಶಿಗೆ ಮನೆ ಸಾರಿಸಬೇಕು ಎನ್ನುತ್ತಲೇ ಮಲಗಿದವಳು ಮತ್ತೆ ಏಳಲಿಲ್ಲ. ಮುದಕಪ್ಪ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಕಲಘಟಗಿ ಕಡೆಯಿಂದ ಈ ಊರಿಗೆ ಬಂದ ಹೊಸದರಲ್ಲಿ ಇಲ್ಲಿ ಅವರಿಗೆ ತಮ್ಮವರೆಂಬವರು ಒಬ್ಬರೂ ಇರಲಿಲ್ಲ. ಏಕಾದಶಿಯ ಸಂಜೆ ಗಂಡ ಹೆಂಡತಿ ಇಬ್ಬರೇ ಕೂತು ವಿಠಲನ ಭಜನೆ ಮಾಡಿದರು. ಮುಂದಿನ ಏಕಾದಶಿಗೆ ಪಕ್ಕದವರು ಬಂದರು, ಆಮೇಲೆ ಓಣಿಯವರು ಬಂದರು. ಹಾಗೆ ಬೆಳೆದ ಭಜನೆ ಅದು. ಅದರಲ್ಲಿ ಒಂದು ರೂಢಿ ಇತ್ತು. ಭಜನೆ ಯಾರ ಮನೆಯಲ್ಲಿ ಕೂಡುತ್ತದೋ ಆ ಮನೆಯ ಹೆಣ್ಣುಮಗಳು ಮೊದಲು ತಾಳ ಹಾಕಬೇಕು. ಅವಳ ತಾಳ ಬೀಳುವವರೆಗೆ ಮೃದಂಗದವನು ಕೈ ಎತ್ತುವಂತಿಲ್ಲ, ಹಾರ್ಮೋನಿಯಂ ಪೇಟಿಯವನು ಸ್ವರ ಹಿಡಿಯುವಂತಿಲ್ಲ. ಮಾಲವ್ವ ಸೆರಗು ಹೊದ್ದು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು ಆ ಮೊದಲ ತಾಳ ಹಾಕುತ್ತಿದ್ದಳು. ಅದರ ದನಿ ಮುದಕಪ್ಪನ ಎದೆಯಲ್ಲಿ ಇನ್ನೂ ಇತ್ತು. ಕಂಚಿನ ತಾಳ ಮಾತ್ರ ಅವಳ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ದೇವರ ಮಾಡದಲ್ಲಿ ಮಲಗಿತ್ತು.

ಅವಳು ಹೋದ ಮೇಲೆ ಭಜನೆ ಹಿಂದಿನ ಓಣಿಯ ಕಾಶೆವ್ವನ ಮನೆಗೆ ಹೋಯಿತು. ಕಾಶೆವ್ವ ಮಾಲವ್ವನ ಜೀವದ ಗೆಳತಿ, ನೇರ ಮಾತಿನ ಮುದುಕಿ. ವರ್ಷದ ಕಾರ್ಯಕ್ಕೆ ಬಂದಾಗ ಕೈ ತೊಳೆಯುತ್ತ ಅವಳು ಹೇಳಿದ್ದಳು:

"ಮುದಕಪ್ಪಣ್ಣ, ಏಕಾದಶಿಗೆ ಹೊಳ್ಳಿ ನಿಮ್ಮ ಮನಿಗೇ ಬರ್ತೇವಿ. ಆದರ ತಾಳ ಸೊಸಿ ಕೈಯಾಗ ಕೊಡಬೇಕು. ಅದಾಗೂದಿಲ್ಲಂದ್ರ ಇನ್ನ ಮ್ಯಾಲೆ ನಮ್ಮ ಮನ್ಯಾಗ ಕೂಡೂಣು. ಹೆಂಗಸಿನ ಕೈ ಇಲ್ಲದ ಮನ್ಯಾಗ ಭಜನಿ ಇಟ್ಟು ಮಾಲವ್ವನ ಮರ್ಯಾದಿ ಕಳೀಬ್ಯಾಡ."

ಮುದಕಪ್ಪ ಹೂಂ ಎಂದಿದ್ದ. ಒಳಗೆ ಬೇರೆ ಯೋಚಿಸಿದ್ದ. ತಾನೇ ತಾಳ ಹಾಕಿಬಿಟ್ಟರೆ ಎದ್ದು ಹೋಗುವವರು ಯಾರು? ಭಜನೆ ಮನೆಗೆ ಮರಳಬೇಕು. ಅದು ಮರಳದಿದ್ದರೆ ಮಾಲವ್ವ ಈ ಮನೆಯಿಂದ ಎರಡನೆಯ ಸಲ ಹೋದಂತೆ. ಆದರೆ ಹಿಟ್ಟಿನ ಡಬ್ಬಿಗೆ ಸಿನೆಮಾ ಒರಗಿಸಿ ನೋಡುವ ಆ ಕೈಗೆ ತಾಳ ಕೊಡುವುದು ಅವನಿಂದ ಆಗದ ಮಾತು.

---

ಕಡ್ಡಿ ಬಂತು. ರೋಹಿತ ಅದನ್ನು ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿ, ಜ್ಯೋತಿಬಾನ ಫೋನಿಗೆ ಗಂಟು ಹಾಕಿ, ರಿಮೋಟನ್ನು ಪ್ರಸಾದದ ಹಾಗೆ ಎಲ್ಲರ ಕೈಗೂ ಕೊಟ್ಟು ಹೋದ. ಅಂದಿನಿಂದ ಆ ಮನೆಯ ಮಧ್ಯಾಹ್ನಗಳಿಗೆ ಮಾನವಿಲ್ಲದಂತಾಯಿತು. ಜ್ಯೋತಿಬಾ ಊಟಕ್ಕೆ ಮನೆಗೆ ಬಂದರೆ ಸಾಕು, ಬಂದೂಕು ಹೊಡೆಯುವವರು, ಅಳುವವರು, ಅರೆಬಟ್ಟೆಯಲ್ಲಿ ಕುಣಿಯುವವರು ಎಲ್ಲರೂ ಪಡಸಾಲೆಗೆ ಇಳಿಯುತ್ತಿದ್ದರು. ಓಣಿಯ ಹೆಂಗಸರು ಬಂದು ಕೂಡುತ್ತಿದ್ದರು. ಒಂದು ಸಿನೆಮಾ ಅರ್ಧ ನೋಡಿ ಬೇಸರವಾಗಿ ಇನ್ನೊಂದು ಹಾಕುತ್ತಿದ್ದರು. ಬಡಿಸಿದ್ದನ್ನೆಲ್ಲ ಕಚ್ಚಿ ಕಚ್ಚಿ ಬಿಡುವ ಊಟ ಯಾವ ಊಟ ಎಂದು ಮುದಕಪ್ಪ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ.

ಅವನಿಗೆ ಇದ್ದ ಒಂದೇ ಸುಖವೆಂದರೆ ಸಂಜೆ. ಜ್ಯೋತಿಬಾ ದಿನವೂ ಹೊತ್ತು ಮುಳುಗುವ ಮೊದಲು ಅಳ್ನಾವರ ಸ್ಟೇಷನ್ನಿಗೆ ಹೊರಡಬೇಕು, ರೈಲಿಗೆ ಬಂದವರನ್ನು ಜೀಪಿನಲ್ಲಿ ಕರೆದೊಯ್ಯಬೇಕು. ಫೋನು ಅವನ ಕಿಸೆಯಲ್ಲಿ, ನೆಟ್ಟು ಫೋನಿನಲ್ಲಿ. ಜೀಪು ಓಣಿಯ ತಿರುವು ದಾಟುತ್ತಲೇ ಟಿ.ವಿ.ಯಲ್ಲಿ ಮನುಷ್ಯರು ಬಾಯಿ ತೆರೆದವರು ತೆರೆದಂತೆಯೇ ನಿಂತು, ಅವರ ಮುಖದ ಮೇಲೆ ಒಂದು ಚಕ್ರ ತಿರುಗತೊಡಗುತ್ತಿತ್ತು. ಹೆಂಗಸರು ಅದನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದರು.

"ಏಳ್ರಿನ್ನ," ಎನ್ನುತ್ತಿದ್ದ ಮುದಕಪ್ಪ. "ನಿಮ್ಮ ದೇವರು ಅಳ್ನಾವರಕ್ಕ ಹೋತು."

ಕಿಸೆಯಲ್ಲಿ ಹೋಗಿಬರುವ ಸಿನೆಮಾ. ಇದನ್ನೇ ಬೇಕೆಂದು ಹಟ ಹಿಡಿದವಳ ಬುದ್ಧಿಗೆ ಏನೆನ್ನಬೇಕು ಎಂದು ಅವನು ಕಾಶೆವ್ವನ ಮುಂದೆಯೂ ಹೇಳಿ ನಕ್ಕಿದ್ದ. ಕಾಶೆವ್ವ ನಗಲಿಲ್ಲ. ಚಕ್ರ ತಿರುಗತೊಡಗಿದ ಕೂಡಲೇ ಲಕ್ಷ್ಮಿ ಎದ್ದು, ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಸಿನೆಮಾ ನಿಂತ ಮೇಲೆ ದೇವರ ನೆನಪು ಎಂದು ಅದನ್ನೂ ಮುದಕಪ್ಪ ಅವಳ ಲೆಕ್ಕಕ್ಕೇ ಬರೆದ.

---

ಏಕಾದಶಿಯ ದಿನ ಲಕ್ಷ್ಮಿ ಮನೆ ಸಾರಿಸಿ, ಪಡಸಾಲೆಗೆ ಜಮಖಾನೆ ಹಾಸಿ, ಶೇಂಗಾದ ಉಂಡಿ ಕಟ್ಟಿ ಇಟ್ಟಿದ್ದಳು. ಸಂಜೆಗೆ ಮುಂಚೆಯೇ ಭಜನೆಯವರು ಬಂದರು. ಕಾಶೆವ್ವ ಬಂದಳು, ಮೃದಂಗದ ಅಡಿವೆಯ್ಯ ಬಂದ, ಪೇಟಿಯವರು, ಹಿಂದೆ ಹಾಡುವವರು ಬಂದರು. ಮುದಕಪ್ಪ ಸ್ನಾನ ಮಾಡಿ, ನಾಮ ಹಚ್ಚಿ, ಮಾಡದಿಂದ ತಾಳದ ಗಂಟು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕಾಶೆವ್ವ ಆ ಗಂಟನ್ನು ನೋಡಿದಳು, ಲಕ್ಷ್ಮಿಯ ಬರಿಗೈ ನೋಡಿದಳು, ಟಿ.ವಿ.ಯ ಪಕ್ಕಕ್ಕೆ ಹೋಗಿ ಕೂತಳು.

ರೋಹಿತನೂ ಬಂದಿದ್ದ. ಹಿರಿಯರನ್ನು ಮೆಚ್ಚಿಸಬೇಕೆಂದು ಅವನೇ ಟಿ.ವಿ. ಹಚ್ಚಿದ.

"ಅಜ್ಜಾರ, ನೀವು ಪಂಢರಪುರಕ್ಕ ಹೋಗಬೇಕಾಗಿಲ್ಲ," ಎಂದ. "ವಿಠೋಬಾ ಇಲ್ಲೇ ಬರ್ತಾನ ನೋಡ್ರಿ."

ಬಂದ. ಟಿ.ವಿ.ಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಮುದಕಪ್ಪನೂ ಅರಿವಿಲ್ಲದೆ ಕೈ ಮುಗಿದ. ಮುಗಿದ ಕೈ ಇಳಿಸಿ ನೋಡಿದರೆ ಭಜನೆಯವರೆಲ್ಲ ಗೋಡೆಗೆ ಒರಗಿ ಕೂತಾಗಿತ್ತು. ಅಡಿವೆಯ್ಯ ಮೃದಂಗವನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ಮೊಳಕೈ ಊರಿದ್ದ. ಆರತಿ ಆಯಿತು, ಅಭಿಷೇಕದ್ದನ್ನೂ ಹಾಕೆಂದರು. ಅದೂ ಆಯಿತು, ಚಂದ್ರಭಾಗೆ ಹೊಳೆಯ ದಂಡೆ ತೋರಿಸೆಂದರು. ದಂಡೆಯ ನಡುವೆ ಸೋಪಿನ ಜಾಹೀರಾತು ಬಂತು, ಅದನ್ನೂ ಅಷ್ಟೇ ಭಕ್ತಿಯಿಂದ ನೋಡಿದರು. ಒಬ್ಬ ಉಂಡಿ ಕೇಳಿದ. ಹೊತ್ತು ಮುಳುಗಿತು, ದೀಪ ಹಚ್ಚಿ ಆಯಿತು. ಹಾಡಿನ ಮಾತನ್ನು ಯಾರೂ ಎತ್ತಲಿಲ್ಲ.

ಇವರು ಭಜನೆಯವರು! ಇಷ್ಟು ವರ್ಷ ಮಾಲವ್ವ ಇವರಿಗೆ ಚಹಾ ಕಾಸಿ ಕೊಟ್ಟಿದ್ದಳು. ದೇವರನ್ನು ಕರೆಯಲು ಬಂದವರು ದೇವರನ್ನು ನೋಡುತ್ತ ಉಂಡಿ ಕಡಿಯುತ್ತಿದ್ದಾರೆ. ಓಣಿಯ ಹೆಂಗಸರಾದರೂ ತಾವು ನೋಡುವುದು ಸಿನೆಮಾ ಎಂದು ಒಪ್ಪಿಕೊಂಡಿದ್ದರು. ಆರಿಸೆಂದು ಹೇಳಬೇಕೆಂದರೆ ಅಲ್ಲಿ ನಿಂತಿರುವವನು ವಿಠಲ. ಮುದಕಪ್ಪನ ಬಾಯಿ ಕಟ್ಟಿತು. ತೊಡೆಯ ಮೇಲಿನ ತಾಳ ಕಲ್ಲಿನಷ್ಟು ಭಾರವಾಯಿತು.

ಅಷ್ಟರಲ್ಲಿ ಜ್ಯೋತಿಬಾನ ಫೋನು ರಿಂಗಾಯಿತು. ರೈಲು ತಡವಾಗಿದ್ದುದು ಈಗ ಬರುತ್ತಿದೆಯಂತೆ. ಹಳಿಯಾಳದವರೆಗೆ ತನ್ನನ್ನೂ ಬಿಡೆಂದು ರೋಹಿತ ಅವನ ಜೊತೆಯಲ್ಲೇ ಎದ್ದ. ಜೀಪು ತಿರುವು ದಾಟಿತು. ವಿಠೋಬನ ಮುಖದ ಮೇಲೆ ಚಕ್ರ ತಿರುಗತೊಡಗಿತು.

ಎಲ್ಲರೂ ಚಕ್ರವನ್ನು ನೋಡಿದರು. ಆಮೇಲೆ ಅಡಿವೆಯ್ಯ ಮುದಕಪ್ಪನ ಕಡೆ ತಿರುಗಿ, ಲಕ್ಷ್ಮಿಯ ಫೋನಿನಲ್ಲೂ ನೆಟ್ಟಿರಬೇಕಲ್ಲ, ಅದನ್ನಷ್ಟು ಹಚ್ಚಲು ಹೇಳು ಎಂದ. ಲಕ್ಷ್ಮಿ ಒಳಬಾಗಿಲ ಹತ್ತಿರ ನಿಂತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನೆಟ್ ಐತ್ರಿ," ಎಂದಳು. "ನಾ ಹಚ್ಚೂದಿಲ್ಲ."

ಮುದಕಪ್ಪ ತಲೆ ಎತ್ತಿದ. ಅವಳು ಮುಂದೆ ಹೇಳಿದ್ದು ಅವನಿಗೆ.

"ಅತ್ತಿ ಇದ್ದಾಗ ದೀಪಾ ಹಚ್ಚೂ ಹೊತ್ತಿಗೆ ಅವರೇ ಟಿ.ವಿ. ಆರಸ್ತಿದ್ರು, ಮಾವಾರ. ಅವರು ಆರಿಸಿದ್ರ ಯಾರೂ ಒಂದ್ ಮಾತ್ ಆಡ್ತಿದ್ದಿಲ್ಲ. ನಾ ಆರಸ್ತೇನಿ ಅಂದ್ರ ಈ ಮನ್ಯಾಗ ಯಾರು ಕೇಳ್ತಾರ? ಬಾಕ್ಸ್ ತಂದು ತಂತಿ ಎಳಸಿದ್ರ ಅದು ಆರ್ತಿದ್ದಿಲ್ಲ. ಕಡ್ಡಿ ಆದ್ರ ಇವರ ಕೂಡ ನೆಟ್ ಹೋಗತೈತಿ, ಸಂಜೀಕ ತಾನ ಆರತೈತಿ. ಅದಕ್ಕ ಕಡ್ಡಿ ಸಾಕು ಅಂದೆ."

ಮುದಕಪ್ಪ ಅವಳನ್ನು ನೋಡಿದ. ಮದುವೆಯಾಗಿ ಬಂದಂದಿನಿಂದ ಅವಳನ್ನು ಎದುರಿಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಹಿಟ್ಟಿನ ಡಬ್ಬಿಯನ್ನು ನೋಡಿದ್ದ, ಫೋನನ್ನು ನೋಡಿದ್ದ. ತನ್ನ ಮನೆಯಲ್ಲಿ ಒಂದು ಟಿ.ವಿ. ಆರಿಸುವ ಅಧಿಕಾರವೂ ಇಲ್ಲದ ಹೆಣ್ಣು ಆ ಅಧಿಕಾರವನ್ನು ಒಂದು ಕಡ್ಡಿಯಲ್ಲಿ ತಂದು ಇಟ್ಟಿದ್ದಳು. ಅವನು ಅದನ್ನು ಜಿಪುಣತನವೆಂದು ಓಣಿಯಲ್ಲೆಲ್ಲ ಹೇಳಿ ನಕ್ಕಿದ್ದ. ಇಷ್ಟು ಹೊತ್ತು ಕೈಲಾಗದೆ ಬಾಯಿ ಕಟ್ಟಿಕೊಂಡು ಕೂತಿದ್ದವನೂ ಅವನೇ.

ಗಂಟು ಬಿಚ್ಚಿದ. ತಾಳ ಸ್ವಲ್ಪ ಕಂದಿತ್ತು.

"ಕೈ ತೊಳದೀಯೇನು?" ಎಂದು ಕೇಳಿದ. ದನಿ ಹಳೆಯ ರೂಢಿಯಂತೆ ಒರಟಾಗಿಯೇ ಬಂತು.

ಅವಳು ಕೈ ಚಾಚಿ ತೋರಿಸಿದಳು. ಅವನು ಆ ಕೈಗಳಲ್ಲಿ ತಾಳ ಇಟ್ಟು, ಸರಿದು ಜಾಗ ಕೊಟ್ಟ. ಕಾಶೆವ್ವ ಕೂತಲ್ಲಿಂದಲೇ ಕೈ ಚಾಚಿ ಟಿ.ವಿ.ಯ ಬಟನ್ನು ಒತ್ತಿದಳು. ಲಕ್ಷ್ಮಿ ಸೆರಗು ಹೊದ್ದು ಕೂತಳು, ಕಣ್ಣು ಮುಚ್ಚಿದಳು, ಒಂದು ಗಳಿಗೆ ಸುಮ್ಮನಿದ್ದಳು. ಇದನ್ನೂ ಅವಳು ನೋಡಿ ಇಟ್ಟುಕೊಂಡಿದ್ದಳು.

ಆದರೆ ತಾಳ ನೆಟ್ಟಗೆ ಬೀಳಲಿಲ್ಲ. ಅಂಚಿಗೆ ಅಂಚು ತಾಗಿ ಹರಕು ದನಿ ಬಂತು. ಅಡಿವೆಯ್ಯ ಮೀಸೆಯಲ್ಲಿ ನಕ್ಕ.

"ನಗಬ್ಯಾಡೋ ಅಡಿವೆಯ್ಯಾ," ಎಂದ ಮುದಕಪ್ಪ. "ಅಕಿ ಒಂದ್ ತಾಳ ತಪ್ಪಿದ್ಲು. ನೀ ಇಷ್ಟೊತ್ತಾ ಏನ್ ಬಾರಿಸಿದಿ? ಉಂಡಿ ತಿಂದಿ."

ಅಡಿವೆಯ್ಯ ಮೃದಂಗ ಎಳೆದುಕೊಂಡ. ಲಕ್ಷ್ಮಿ ಮತ್ತೊಮ್ಮೆ ತಾಳ ಹಾಕಿದಳು. ಅದು ಮಾಲವ್ವನ ದನಿಯಲ್ಲ. ಆಗುವುದೂ ಇಲ್ಲ. ಆದರೂ ತಾಳ ಬಿದ್ದಿತ್ತು, ಇನ್ನು ಸುಮ್ಮನೆ ಕೂಡುವಂತಿರಲಿಲ್ಲ. ಮುದಕಪ್ಪ ಗಂಟಲು ಸರಿಪಡಿಸಿಕೊಂಡು ವಿಠಲನ ಹೆಸರು ಎತ್ತಿದ.