ಎರಡನೆಯ ಸ್ಟೂಲು

ನಾದಿನಿ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, "ಮುಟ್ಟಬೇಡ!" ಎಂದು ಅವಳು ಚೀರಿದಳು. ಹಜಾರದಲ್ಲಿ ಅವಳ ಗಂಡನ ಶವದ ಸುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಹಗಲು ಹೊತ್ತಲ್ಲಿ ಸುಮ್ನೆ ಉರೀತಿದೆಯಲ್ಲ ಅತ್ತಿಗೆ," ಎಂದಳು ನಾದಿನಿ, ಅಣ್ಣನ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ತೋರಿಸಿ.

"ಉರೀಲಿ. ಅವರೇ ಹಾಕಿದ್ದು."

ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆಯಲು ಬಂದಾಗಲೂ ಅದು ಉರಿಯುತ್ತಿತ್ತು. ಒಳಗೆ ಏನೋ ಬಿದ್ದ ಸದ್ದು ಕೇಳಿಸಿತ್ತು. ಆದರೆ ದೀಪ ಉರಿಯುವಾಗ ಬಾಗಿಲು ತೆಗೆಯುವಂತಿಲ್ಲ. ಅವಳು ವಾಪಸು ಹೋಗಿ ತಟ್ಟೆ ಮುಚ್ಚಿಟ್ಟು ಕಾದಳು. ಊಟವೆಲ್ಲ ತಣ್ಣಗಾದ ಮೇಲೆ ಬಾಗಿಲು ತಳ್ಳಿ, ಕತ್ತಲಲ್ಲಿ ಯಾವುದೋ ಸ್ಟೂಲಿಗೆ ಎಡವಿ, ನೋಡಿದರೆ ಗಂಡ ನೆಲದ ಮೇಲಿದ್ದ. "ಇನ್ನೂ ಸ್ವಲ್ಪ ಮುಂಚೆ ತಂದಿದ್ರೆ..." ಎಂದು ವೈದ್ಯರು ಮಾತನ್ನು ಅರ್ಧಕ್ಕೇ ನುಂಗಿದ್ದರು. ಉಳಿದರ್ಧವನ್ನು ಅವಳು ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಿದ್ದಳು.

*

ಮದುವೆಯಾದ ಹೊಸತು. ಪರಮಾಣುವಿನ ಒಡಲಿನಿಂದ ಸಿಡಿಯುವ ಕಣಗಳನ್ನು ಹಿಡಿಯುವ ಯಂತ್ರ ರೂಪಿಸುವುದು ಅವನ ಕೆಲಸ. ಗುಂಡನೆಯ ಚೌಕಟ್ಟಿನ ತುಂಬ ಹರಳುಗಳು, ಪ್ರತಿ ಹರಳಿನ ಬೆನ್ನಿಗೆ ಅದರ ಮಿನುಗನ್ನು ಹಿಡಿಯುವ ಒಂದು ಗಾಜಿನ ಕೊಳವೆ. ಪ್ರಯೋಗಾಲಯದವರು ಅದನ್ನು ಮುಳ್ಳುಹಂದಿ ಎನ್ನುತ್ತಿದ್ದರು, ಇವಳು ಸವತಿ ಎನ್ನುತ್ತಿದ್ದಳು. ಒಂದೊಂದೇ ಹರಳನ್ನು ಮನೆಗೆ ತಂದು ಅವನು ಕತ್ತಲ ಕೋಣೆಯಲ್ಲಿ ಪರೀಕ್ಷಿಸುತ್ತಿದ್ದ. ಕಣ ಹೊಕ್ಕಾಗ ಹರಳು ಮಿನುಗುವುದನ್ನು ನೋಡುವ ಆಸೆಯಿಂದ ಅವಳೊಮ್ಮೆ ಬಾಗಿಲು ತೆರೆದಳು. ಹಗಲ ಬೆಳಕು ನುಗ್ಗಿ ಕೊಳವೆ ಸುಟ್ಟುಹೋಯಿತು.

"ತಲೆ ನೆಟ್ಟಗಿದೆಯಾ? ದೀಪ ಕಾಣಲ್ವಾ ನಿಂಗೆ?"

ಮೂಗಿನ ತುದಿಯ ಕೋಪ ಅವನದು, ಸಂಜೆಗೇ ಇಳಿಯಿತು. ಇವಳ ಹಟ ಇಳಿಯಲಿಲ್ಲ. ನಿನ್ನೆಯವರೆಗೂ ಆ ಹೊಸ್ತಿಲು ತುಳಿಯಲಿಲ್ಲ.

*

"ಅಮ್ಮಾ," ಎನ್ನುತ್ತಾ ಗಂಡನ ಶಿಷ್ಯ ಪಕ್ಕದಲ್ಲಿ ಬಂದು ಕೂತ. ಅವನ ತಲೆಯೂ ಅರ್ಧ ನರೆತಿತ್ತು. "ಅದು ಕೊಳವೆ ಕಾಲದ ದೀಪ. ಈಗ ಕೊಳವೆ ಬದಲು ಹಾಕೋ ಸಿಲಿಕಾನ್ ಚೂರಿಗೆ ಬೆಳಕು ಬಿದ್ರೂ ಏನೂ ಆಗಲ್ಲ. ಆವತ್ತಿನ ಕಣಗಳ ಎಣಿಕೆ ಕೆಡುತ್ತೆ, ಅಷ್ಟೇ. ನಾನೇ ಎಷ್ಟು ಸಲ ತಳ್ಕೊಂಡು ಹೋಗಿಲ್ಲ!"

"ನಂಗೆ ಹೇಳಲೇ ಇಲ್ವಲ್ಲಪ್ಪ."

"ಅಮ್ಮನ್ನೂ ಕರೀರಿ ಸಾರ್, ತೋರಿಸಿ ಅಂದಿದ್ದೆ. 'ಅವಳಿಗೆ ಈ ಕೋಣೆ ಕಂಡ್ರೆ ಆಗಲ್ಲ ಕಣಯ್ಯ, ಬಂದ್ರೆ ಇರ್ಲಿ ಅಂತ ಇನ್ನೊಂದು ಸ್ಟೂಲ್ ಇಟ್ಟಿದೀನಿ' ಅಂದ್ರು. ಅದರ ಮೇಲೆ ನನ್ನನ್ನೂ ಕೂರೋಕೆ ಬಿಡ್ತಿರಲಿಲ್ಲ."

ಅವಳಿಗೆ ದುಃಖ ಒತ್ತರಿಸಿ ಬಂತು. "ಅವರೇ ಕರೀಲಿ ಅಂತ ನಾನು ಕಾಯ್ತಿದ್ದೆ ಕಣಪ್ಪಾ," ಎಂದಳು.

ಹೊರಗೆ ಗಾಡಿ ಬಂದು ನಿಂತಿತು. ಎತ್ತಲು ನಾಲ್ಕು ಜನ ಬಗ್ಗಿದರು. "ಹೊತ್ತಾಯ್ತು, ಏಳಿ ಅತ್ತಿಗೆ," ಎಂದು ನಾದಿನಿ ತೋಳು ಹಿಡಿದಳು.

ಅವಳು ಎದ್ದಳು, ಆದರೆ ನಡೆದದ್ದು ಕೋಣೆಯ ಕಡೆಗೆ. ಕೆಂಪು ದೀಪದ ಕೆಳಗೆ ನಿಂತು, ಕಣ್ಣೊರೆಸಿಕೊಂಡು, ಮುಚ್ಚಿದ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.

"ರೀ," ಎಂದಳು, "ಬರ್ಲಾ?"